ಅತ್ತಿಗೆ ಕೂರದ ಜೀಪು

ಮೊನ್ನೆ ಶಿರಸಿಯ ಗ್ಯಾರೇಜೊಂದರಲ್ಲಿ ನನ್ನ ಕಾರಿನ ಗೇರ್‌ಬಾಕ್ಸಿನ ಎಣ್ಣೆ ಬದಲಿಸುತ್ತಿದ್ದರು. ಕೆಳಗಿನ ಬೋಲ್ಟು ಬಿಚ್ಚಿದ್ದೇ ತಡ, ಕಪ್ಪು ಎಣ್ಣೆ ದಾರದ ಹಾಗೆ ತಟ್ಟೆಗೆ ಇಳಿಯಿತು. ಅದರ ಹಿಂದೆಯೇ ಆ ವಾಸನೆ ಬಂತು, ಗಂಧಕ ಸುಟ್ಟಂಥ ಘಾಟು. ಅಲ್ಲಿ ಕೂತಿದ್ದ ಇನ್ನಿಬ್ಬರು ಗಿರಾಕಿಗಳು ಮೂಗು ಮುಚ್ಚಿಕೊಂಡು ಹೊರಗೆ ಹೋದರು. ನಾನು ಮಾತ್ರ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ. ಎಷ್ಟು ಸೋಪು ಹಾಕಿ ತೊಳೆದರೂ ಜೀಪಿನಣ್ಣನ ಅಂಗಿಯಿಂದ ಹೋಗದೇ ಇದ್ದ ವಾಸನೆ ಅದು…

ನಮ್ಮೂರು ಸಿದ್ದಾಪುರ ತಾಲೂಕಿನಲ್ಲಿ, ನಿಲ್ಕುಂದದ ಕಡೆ. ಅವನು ನಮ್ಮ ಪಕ್ಕದ ಮನೆಯವನು. ಒಂದಿಷ್ಟು ಗದ್ದೆ, ಒಂದು ಹಳೆಯ ಜೀಪು. ಊರಿನ ಜನರನ್ನು ತುಂಬಿಕೊಂಡು ಸಿದ್ದಾಪುರಕ್ಕೆ ಹೋಗಿ ಬರುತ್ತಿದ್ದುದರಿಂದ ಎಲ್ಲರಿಗೂ ಅವನು ಜೀಪಿನಣ್ಣ, ಅವನ ಹೆಂಡತಿ ಅತ್ತಿಗೆ. ನಮಗೂ ಡಾಂಬರು ರಸ್ತೆಗೂ ನಡುವೆ ಒಂದು ಏರು ಇತ್ತು. ಕೆಮ್ಮಣ್ಣಿನದು, ಮಧ್ಯದಲ್ಲೊಂದು ಕೆಟ್ಟ ತಿರುವು. ಬಡಪಾಯಿ ಜೀಪಿಗೆ ಆ ಏರಿನಲ್ಲಿ ದಮ್ಮು ಕಟ್ಟುತ್ತಿತ್ತು. ಹಾಗಾಗಿ ಏರಿನ ಬುಡ ಬಂದ ಕೂಡಲೇ ನಾವೆಲ್ಲ ಇಳಿದುಬಿಡುತ್ತಿದ್ದೆವು. ಯಾರೂ ಹೇಳಬೇಕಾಗಿರಲಿಲ್ಲ. ಅವನು ಖಾಲಿ ಜೀಪು ಹತ್ತಿಸಿ ಮೇಲೆ ಕಾಯುವುದು, ನಾವು ಹರಟುತ್ತಾ ನಡೆದು ಹೋಗಿ ಮತ್ತೆ ಕೂರುವುದು. ಊರಿಗೆ ಜೀಪು ಬಂದ ದಿನದಿಂದ ನಡೆದು ಬಂದ ಪದ್ಧತಿ ಅದು.

ಒಂದು ಸಲ ಮಾತ್ರ ಪದ್ಧತಿ ತಪ್ಪಿತು. ಅತ್ತಿಗೆ ಮಂಚಿಕೇರಿ ಹತ್ತಿರದ ತವರಿಗೆ ಹೊರಟಿದ್ದಳು, ಹೊಸ ಸೀರೆ ಉಟ್ಟಿದ್ದಳು. ಕೆಸರಿನಲ್ಲಿ ಅವಳು ನಡೆಯುವುದು ಬೇಡವೆಂದು ಜೀಪಿನಣ್ಣ ಯಾರನ್ನೂ ಇಳಿಸದೆ ಏರಿಗೆ ನುಗ್ಗಿಸಿದ. ತಿರುವಿನಲ್ಲಿ ಎಂಜಿನ್ ನಿಂತಿತು. ಜೀಪು ಹಿಮ್ಮುಖವಾಗಿ ಜಾರಿತು, ಬಲಗಡೆ ಹಳ್ಳ. ಪುಣ್ಯಕ್ಕೆ ಹಿಂದಿನ ಚಕ್ರ ಎಡಗಡೆಯ ಎತ್ತರದ ಮಣ್ಣಿನ ಧರೆಗೆ ತಾಗಿ ನಿಂತಿತು. ಅತ್ತಿಗೆ ಸದ್ದಿಲ್ಲದೆ ಇಳಿದು, ಸೀರೆ ಕೊಡವಿಕೊಂಡು, ಎಲ್ಲರ ಎದುರೇ ಹೇಳಿದಳು.

"ಈ ಜೀಪು ಜನ ತುಂಬ್ಕಂಡು, ನಡುವೆ ನಿಲ್ಲದೆ ಈ ಏರು ಹತ್ತಿದ ದಿನ ನಾ ಕೂರ್ತೆ. ಅಲ್ಲಿತನಕ ಕಾಲು ಗಟ್ಟಿ ಐತಿ, ನಡೀತೆ."

ಮಾತೆಂದರೆ ಮಾತು. ಆಮೇಲೆ ಅತ್ತಿಗೆ ಎಲ್ಲಿಗೆ ಹೊರಟರೂ ಮನೆಯಿಂದ ಡಾಂಬರು ರಸ್ತೆವರೆಗೆ ನಡಿಗೆ, ಅಲ್ಲಿಂದ ಬಸ್ಸು. ಕೈಚೀಲ ಮಾತ್ರ ಜೀಪಿನ ಮುಂದಿನ ಸೀಟಿನಲ್ಲಿ ಕೂತಿರುತ್ತಿತ್ತು! ಜೀಪಿನಣ್ಣ ಮೊದಲನೇ ಗೇರಿನಲ್ಲಿ ಅವಳ ಪಕ್ಕಪಕ್ಕಕ್ಕೇ ಬರುವನು, ಕುತ್ತಿಗೆ ಹೊರಗೆ ಹಾಕಿ ಏನೇನೋ ಹೇಳುವನು. ನಮಗೆಲ್ಲ ಅದು ಪುಕ್ಕಟೆ ನಾಟಕ. ಅವನಿಗೆ ಮಾತ್ರ ಅದು ಅವಮಾನ. ಹೆಂಡತಿಯೇ ಕೂರದ ಜೀಪಿನಲ್ಲಿ ನಾವು ಹೇಗೆ ಕೂರುವುದು ಎಂದು ಜನ ತಮಾಷೆಗೆ ಶುರು ಮಾಡಿದರು, ಬರಬರುತ್ತಾ ಕೆಲವರು ನಿಜವಾಗಿಯೂ ಕೂರುವುದನ್ನು ಬಿಟ್ಟರು.

ಜೀಪಿಗೆ ಬಲ ಬರಿಸಲೇಬೇಕೆಂದು ಅವನು ಹಟ ಹಿಡಿದ. ಶಿರಸಿಯ ಗುಜರಿಯಲ್ಲಿ ಅಪಘಾತವಾದ ಒಂದು ಪಿಕಪ್ ಬಿದ್ದಿತ್ತು, ಅದರ ದೊಡ್ಡ ಎಂಜಿನ್ ತಂದು ಕೂರಿಸಿದ. ಕೂರಿಸಿಕೊಟ್ಟವನು ಬನವಾಸಿ ಕಡೆಯ ಮಿಸ್ತ್ರಿ, ಮಾತು ಜಾಸ್ತಿ, ಕೆಲಸ ನಿಧಾನ. ಜೀಪು ಊರಿಗೆ ಬಂದಾಗ ಅದರ ಗುಡುಗಿಗೆ ಕೊಟ್ಟಿಗೆಯ ದನಗಳೆಲ್ಲ ಎದ್ದು ನಿಂತವು. ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಪರೀಕ್ಷೆಗೆ ಹೊರಟೆವು. ಭಾರಕ್ಕೆ ಮೂಟೆ ಯಾಕೆ, ಮನೆಗೊಬ್ಬರು ಬನ್ನಿ ಎಂದಿದ್ದ. ಬಂದೆವು, ಒತ್ತಿಕೊಂಡು ಕೂತೆವು. ಅತ್ತಿಗೆ ಏರಿನ ನೆತ್ತಿಯಲ್ಲಿ ನಿಂತು ಕಾಯುತ್ತಿದ್ದಳು.

ಏರಿನ ಬುಡ ಬಂತು. ಜೀಪಿನಣ್ಣ ಗೇರು ಬದಲಿಸಲು ಚೂರು ನಿಧಾನ ಮಾಡಿದ. ನಾವೆಲ್ಲ ಹಿಂದಿನಿಂದ ದುಬುದುಬು ಇಳಿದುಬಿಟ್ಟೆವು! ಯಾರಿಗೂ ಇದು ಪರೀಕ್ಷೆ ಎಂಬ ನೆನಪೇ ಇಲ್ಲ, ಏರು ಬಂತು, ಇಳಿದೆವು, ಅಷ್ಟೇ. ಹೊಸ ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಏನೂ ಕೇಳಿಸಿಲ್ಲ. ಸರ್ರನೆ ಹತ್ತಿಸಿ, ಮೇಲೆ ಹೋಗಿ ಹಾರ್ನು ಬಾರಿಸಿದ್ದೇ ಬಾರಿಸಿದ್ದು. ಕೆಳಗಿಳಿದು ಹೆಂಡತಿಯ ಎದುರು ಎದೆ ಉಬ್ಬಿಸಿ ನಿಂತನಂತೆ.

"ಜನ ಎಲ್ಲಿ?" ಎಂದಳಂತೆ ಅತ್ತಿಗೆ.

ಅವನು ತಿರುಗಿ ನೋಡಿದಾಗ ನಾವು ತಿರುವಿನಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ನಡೆದು ಬರುತ್ತಿದ್ದೆವು. ಅವನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಮತ್ತೆ ಕೆಳಗೆ ಹೋಗಿ, ಎಲ್ಲರನ್ನೂ ಕೂರಿಸಿಕೊಂಡು ನುಗ್ಗಿಸಿದ. ಅರ್ಧ ಏರಿನಲ್ಲಿ ಹಳೆಯ ಗೇರ್‌ಬಾಕ್ಸಿನ ಹಲ್ಲುಗಳು ಕಟಕಟನೆ ಮುರಿದವು.

ಸರಿ, ಅದೇ ಪಿಕಪ್ಪಿನ ಗೇರ್‌ಬಾಕ್ಸೂ ಬಂತು. ಅದು ಉದ್ದವಾಗಿದ್ದರಿಂದ ಅಲ್ಲಿಂದ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಿದರು. ಮತ್ತೆ ನಿಂಬೆಹಣ್ಣು, ಮತ್ತೆ ನಾವು. ಈ ಸಲ ತಿರುವು ದಾಟಿತು. ನಾವು ಇನ್ನೇನು ಕೂಗಬೇಕು, ಅಷ್ಟರಲ್ಲಿ ಹಿಂದಿನಿಂದ ಠಣ್ಣೆಂಬ ಸದ್ದು. ಎಂಜಿನ್ ಅರಚುತ್ತಿದೆ, ಚಕ್ರ ತಿರುಗುತ್ತಿಲ್ಲ. ಹಿಂದಿನ ಚಕ್ರಗಳನ್ನು ತಿರುಗಿಸುವ ಅಡ್ಡ ಸರಳು, ಆಕ್ಸಲ್, ತುಂಡಾಗಿತ್ತು. ಜೀಪಿನಣ್ಣ ಬ್ರೇಕಿನ ಮೇಲೆ ನಿಂತೇಬಿಟ್ಟ, ನಾವು ಹಾರಿ ಚಕ್ರಗಳಿಗೆ ಕಲ್ಲು ಕೊಟ್ಟೆವು. ಯಾರಿಗೂ ಏನೂ ಆಗಲಿಲ್ಲ.

ಮಿಸ್ತ್ರಿ ಬಂದು ನೋಡಿ ನಕ್ಕ. "ಎಂಜಿನ್ ಆನಿ ತಂದ್ರಿ, ಗೇರ್‌ಬಾಕ್ಸ್ ಕುದುರಿ ತಂದ್ರಿ. ಹಿಂದ ಕಟ್ಟಿದ್ದು ಇನ್ನೂ ಅದs ಹಳೀ ಕುರೀನs ಐತಲ್ರಿ. ಹೆಂಗ ತಡ್ಕೋತೈತಿ?"

"ಇದ್ನ ಮೊದ್ಲೇ ಹೇಳೂಕೆ ನಿಂಗೆ ಎಂತಾಗಿತ್ತೋ?" ಎಂದ ಜೀಪಿನಣ್ಣ.

"ನನಗೂ ಈಗ ಗೊತ್ತಾತ್ರಿ."

ಜೀಪಿನಣ್ಣ ಅದರ ಮೇಲೆ ತಾಡಪಾಲು ಹೊದೆಸಿಬಿಟ್ಟ. ಸಾಕು, ಗುಜರಿಗೆ ಹಾಕುತ್ತೇನೆ ಎಂದ. ಊಟ ಸರಿಯಾಗಿ ಮಾಡುತ್ತಿರಲಿಲ್ಲ, ಮಾತಿಗೂ ಸಿಗುತ್ತಿರಲಿಲ್ಲ. ಒಂದು ದಿನ ನಾನು ಅವರ ಜಗಲಿಯಲ್ಲಿ ಕೂತಿದ್ದಾಗ ಅತ್ತಿಗೆ ಚಹಾ ತಂದು ಅವನ ಎದುರು ಕುಕ್ಕಿದಳು.

"ಅರ್ಧಕ್ಕೆ ಬಿಟ್ರೆ ನಾ ಸಾಯೂತನಕ ನಡೀಬೇಕನ್ರಿ?"

ಅವನು ತಲೆ ಎತ್ತಿ ನೋಡಿದ. ಅವಳಿಗೂ ಕೂರುವ ಆಸೆ ಇದೆ ಎಂದು ಅವನಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ ಎಂದು ಕಾಣುತ್ತದೆ. ಮರುದಿನವೇ ಶಿರಸಿಗೆ ಹೋಗಿ ಪಿಕಪ್ಪಿನ ಹಿಂದಿನ ಆಕ್ಸಲನ್ನು ಅದರ ಕಬ್ಬಿಣದ ಕವಚದ ಸಮೇತ ಹೊತ್ತು ತಂದ. ಅದು ಅಗಲ ಜಾಸ್ತಿ. ಕೂರಿಸಿದ ಮೇಲೆ ಎರಡೂ ಚಕ್ರ ಬಾಡಿಯಿಂದ ಹೊರಗೆ ಚಾಚಿಕೊಂಡವು, ಹಿಂದಿನಿಂದ ನೋಡಿದರೆ ಜೀಪು ಬಾತುಕೋಳಿ ನಿಂತ ಹಾಗೆ ಕಾಣುತ್ತಿತ್ತು. ಮಿಸ್ತ್ರಿ ಬ್ರೇಕನ್ನೂ ಹೊಸದಾಗಿ ಮಾಡಿಕೊಟ್ಟ.

ಈ ಸಲ ನಿಂಬೆಹಣ್ಣು ಇಡುವ ಹೊತ್ತಿಗೆ ಅತ್ತಿಗೆ ಕೈಚೀಲ ಹಿಡಿದು ಬಂದು ಮುಂದಿನ ಸೀಟಿನಲ್ಲಿ ಕೂತೇಬಿಟ್ಟಳು. ಜೀಪಿನಣ್ಣ ಬೆವತುಹೋದ.

"ನೀ ಇವತ್ತು ಬ್ಯಾಡ. ಮೊದ್ಲು ಹತ್ತಲಿ, ಆಮೇಲೆ…"

"ಆವತ್ತು ತವರಿಗೆ ಹೋಗೂದು ಅರ್ಧಕ್ಕೆ ನಿಂತೈತಿ. ನಡೀರಿ."

ಏರಿನ ಬುಡ ಬಂತು. ಗೇರು ಬದಲಾಯಿತು. ಹಿಂದೆ ನಮ್ಮ ಕಾಲುಗಳು ತಾವಾಗಿಯೇ ಎದ್ದವು. ಅತ್ತಿಗೆ ತಿರುಗಿ ಕಣ್ಣು ಕೆಕ್ಕರಿಸಿದಳು.

"ಯಾರಾರೂ ಇಳಿದ್ರೆ ನೋಡಿ ಮತ್ತೆ!"

ಕೂತೆವು. ತಿರುವು ಬಂತು, ಹೋಯಿತು. ಆಕ್ಸಲ್ ತುಂಡಾದ ಜಾಗ ಬಂತು, ಅದೂ ಹೋಯಿತು. ಜೀಪು ಗುರ್ರೆನ್ನುತ್ತಾ, ಒಮ್ಮೆಯೂ ಮುಗ್ಗರಿಸದೆ ಡಾಂಬರು ರಸ್ತೆಗೆ ಹತ್ತಿ ನಿಂತಿತು. ಜೀಪಿನಣ್ಣ ಸ್ಟೇರಿಂಗಿನ ಮೇಲೆ ಹಣೆ ಇಟ್ಟು ಬಿಕ್ಕಿದ. ನಾವೆಲ್ಲ ಉಸಿರು ಬಿಟ್ಟೆವು. ನನ್ನ ಎದೆಯ ಮೇಲಿಂದ ಯಾರೋ ಒರಳುಕಲ್ಲು ಎತ್ತಿಟ್ಟ ಹಾಗಾಯಿತು. ಅತ್ತಿಗೆ ಮಾತ್ರ ರಸ್ತೆಯನ್ನೇ ನೋಡುತ್ತಾ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು.

"ನಿಲ್ಸಿದ್ದು ಎಂತಕ್ಕೆ? ಮಂಚಿಕೇರಿ ದೂರ ಐತಿ."

ಆಮೇಲೆ ಎಷ್ಟೋ ವರ್ಷ ಅವಳು ಅದೇ ಸೀಟಿನಲ್ಲಿ ಓಡಾಡಿದಳು. ಜೀಪಿನ ತುಂಬ ಜನ ಮತ್ತೆ ಬಂದರು. ಈಗ ಏರಿಗೂ ಡಾಂಬರು ಬಂದಿದೆ, ಮನೆಮನೆಗೆ ಬೈಕು ಬಂದಿದೆ. ಹೋದ ವರ್ಷ ಜೀಪಿನಣ್ಣ ತೀರಿಕೊಂಡ. ಬಾತುಕೋಳಿ ಜೀಪನ್ನು ಯಾರೋ ಕೊಂಡು ಹೋದರು…

ಗ್ಯಾರೇಜಿನಿಂದ ಕಾರು ಬಿಡಿಸಿಕೊಂಡು ಊರಿಗೆ ಹೊರಟೆ. ಏರಿನ ನೆತ್ತಿಯಲ್ಲಿ, ದೊಡ್ಡ ರಸ್ತೆಯಿಂದ ಊರಿನ ದಾರಿಗೆ ತಿರುಗುವಲ್ಲಿ, ಅತ್ತಿಗೆ ಬಸ್ಸಿಳಿದು ನಿಂತಿದ್ದಳು. ಬಾಗಿಲು ತೆಗೆದೆ. ಕೈಚೀಲವನ್ನು ಮುಂದಿನ ಸೀಟಿನಲ್ಲಿಟ್ಟು, ಬಾಗಿಲು ಹಾಕಿ, ನಡೆಯತೊಡಗಿದಳು.

"ಎಂತ ಅತ್ತಿಗೆ, ನನ್ ಕಾರಿನ್ ಮೇಲೂ ನಂಬಿಕೆ ಇಲ್ಲನ?"

"ಅದಲ್ಲ ತಮ್ಮಾ." ಅವಳು ನಿಲ್ಲಲಿಲ್ಲ. "ಜೀಪಲ್ಲಿ ಕೂತ ಮೇಲೆ ಅವ್ರು ರಸ್ತೆನೇ ನೋಡ್ತಿದ್ರು. ನಾ ನಡೀತಿದ್ದಾಗ ಈ ದಾರಿ ಉದ್ದಕ್ಕೂ ನನ್ ಹತ್ರ ಮಾತಾಡ್ತಿದ್ರು."

ನಾನು ಕಾರನ್ನು ಮೊದಲನೇ ಗೇರಿಗೆ ಹಾಕಿದೆ. ಗಾಜು ಇಳಿಸಿ, ಕುತ್ತಿಗೆ ಹೊರಗೆ ಹಾಕಿ, ಅವಳ ಪಕ್ಕಪಕ್ಕಕ್ಕೇ ಮನೆಯವರೆಗೂ ಹೋದೆ.