ಪಾಸ್‌ಪೋರ್ಟಿನಲ್ಲಿ ಹೆಚ್ಚಾದ ಮೂರು ವರ್ಷ

2022ರಲ್ಲಿ ನಾನು ದುಬೈಯ ಸತ್ವಾದ ಒಂದು ಟೈಪಿಂಗ್ ಸೆಂಟರಿನಲ್ಲಿ ಸೀನಿಯರ್ ಟೈಪಿಸ್ಟ್ ಆಗಿದ್ದೆ. ಟೈಪಿಂಗ್ ಸೆಂಟರ್ ಎಂದರೆ ಜನರ ವೀಸಾ ಅರ್ಜಿ ತುಂಬಿ ಇಲಾಖೆಗೆ ಕಳಿಸುವ ಅಂಗಡಿ. ಹದಿನೇಳು ವರ್ಷ ಅದೇ ಕೆಲಸ ಮಾಡಿ, ಯಾವ ಅರ್ಜಿ ವಾಪಸು ಬರುತ್ತದೆಂದು ನೋಡಿದೊಡನೆ ಹೇಳಬಲ್ಲೆ ಎಂಬ ಜಂಬ ಬಂದಿತ್ತು.

ಆ ಜುಲೈಯಲ್ಲಿ ಮಿರಿಯಮ್ ಎಂಬ ಆರ್ಕಿಟೆಕ್ಟ್ ತಮ್ಮ ತಾಯಿ ಎವಾ ಅವರನ್ನು ಕರೆತಂದರು. ಹಂಗೇರಿಯಲ್ಲಿ ಹುಟ್ಟಿದ ಯಹೂದಿ ಅಜ್ಜಿ. ಮಗಳನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ವಿಸಿಟ್ ವೀಸಾ ಮುಗಿಯಲು ಒಂಬತ್ತೇ ದಿನ. ಮಗಳ ಬಳಿ ಉಳಿಯಲು ಹಾಕಿದ್ದ ಅರ್ಜಿ ವಾಪಸು ಬಂದಿತ್ತು. ಅಜ್ಜಿಯ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ವರ್ಷ 1928. ಮಗಳ ಜನನ ಪತ್ರದಲ್ಲಿ ತಾಯಿಯ ವರ್ಷ 1931. ಈ ವ್ಯತ್ಯಾಸಕ್ಕೆ ಕಾರಣ ತಿಳಿಸುವ ಅಫಿಡವಿಟ್ ಬೇಕಿತ್ತು.

ಟೋಕನ್ ನಂಬರ್ ಕೂಗಿದಾಗ ಅಜ್ಜಿ ಕಾಲು ಜೋಡಿಸಿ ನೆಟ್ಟಗೆ ನಿಂತರು. ಬಾಗಿಲು ತೆರೆದಾಗಲೆಲ್ಲ ಅವರ ಕಣ್ಣು ಅತ್ತ ಹೋಗುತ್ತಿತ್ತು. ನನಗೇಕೋ ಕಸಿವಿಸಿಯಾಯಿತು. ಅದನ್ನು ತಿಳಿಮಾಡಲು ತಮಾಷೆಗೆ ಇಳಿದೆ. ನಮ್ಮ ಕುಂದಾಪುರದ ಕಡೆ ಹೆಡ್‌ಮಾಸ್ತರರು ಒಂದನೇ ಕ್ಲಾಸಿಗೆ ಸೇರಿಸಲು ವಯಸ್ಸು ಏರಿಸಿ ಬರೆಯುತ್ತಿದ್ದರು, ನಾನೂ ಕಾಗದದಲ್ಲಿ ಒಂದು ವರ್ಷ ದೊಡ್ಡವಳು, ನಿಮ್ಮ ಮಾಸ್ತರರು ಮೂರು ಕೊಟ್ಟ ಧಾರಾಳಿ ಎಂದೆ. ಮಿರಿಯಮ್ ನಕ್ಕರು. ಅಜ್ಜಿ ನಗಲಿಲ್ಲ.

ಪಕ್ಕದ ಮೇಜಿನಿಂದ ನಮ್ಮ ಮ್ಯಾನೇಜರ್ ಸದಾನಂದಣ್ಣ, “ಕ್ಲೆರಿಕಲ್ ಎರರ್ ಅಂತ ಹಾಕಿ ಖಲಾಸ್ ಮಾಡು ಮಾರಾಯ್ತಿ,” ಎಂದರು. ಗುಮಾಸ್ತರ ಕೈತಪ್ಪು ಎಂಬ ಆ ಸಬೂಬು ನಮ್ಮ ಎಷ್ಟೋ ಅರ್ಜಿಗಳನ್ನು ದಾಟಿಸಿತ್ತು. ಹಾಗೇ ಟೈಪ್ ಮಾಡಿ, ಓದಿ ಹೇಳಿ, ಪೆನ್ನು ಕೊಟ್ಟೆ. ಅಜ್ಜಿ ಪೆನ್ನನ್ನು ಮೇಜಿನ ಮೇಲಿಟ್ಟರು.

“ಯಾರ ಕೈತಪ್ಪೂ ಅಲ್ಲ. ನಾನು ಹೇಳಿದ ಸುಳ್ಳು.”

ಆಮೇಲೆ ಏರಿಳಿತವಿಲ್ಲದ ದನಿಯಲ್ಲಿ ಹೇಳುತ್ತ ಹೋದರು. 1944ರಲ್ಲಿ, ಹದಿಮೂರನೇ ವಯಸ್ಸಿಗೆ, ನಾಜಿಗಳ ಶಿಬಿರದಲ್ಲಿ ರೈಲಿನಿಂದ ಇಳಿಸಿ ಸಾಲು ನಿಲ್ಲಿಸಿದರಂತೆ. ಸಾಮಾನು ಎತ್ತುತ್ತಿದ್ದ ಕೈದಿಯೊಬ್ಬ ಇವರ ಕಿವಿಯಲ್ಲಿ, ಹದಿನಾರು ಎನ್ನು ಎಂದು ಉಸುರಿದ. ಚಿಕ್ಕವರನ್ನು ಅಲ್ಲಿಂದ ನೇರ ಸಾವಿಗೆ ಕಳಿಸುತ್ತಿದ್ದರು. ಇವರು ಹದಿನಾರು ಎಂದದ್ದಕ್ಕೆ ದುಡಿಯುವವರ ಕಡೆಗೆ ತಳ್ಳಿದರು. ಬದುಕಿದರು. ಯುದ್ಧ ಮುಗಿದ ಮೇಲೆ ಸಿಕ್ಕ ಕಾಗದಗಳಿಗೂ ಅದೇ ವಯಸ್ಸು ಅಂಟಿಕೊಂಡಿತು. ನಿಜ ಗೊತ್ತಿದ್ದದ್ದು ಗಂಡನಿಗೊಬ್ಬನಿಗೆ; ಮಗಳ ಜನನ ಪತ್ರ ಬರೆಸಿದ್ದು ಅವನೇ.

“ನನ್ನ ಹಿಂದೆ ತಂಗಿ ಲಿಲಿ ನಿಂತಿದ್ದಳು. ನನಗಿಂತ ಎತ್ತರ. ತಿರುಗಿ ಅವಳಿಗೂ ಹೇಳಲು ಸಮಯವಿತ್ತು. ಸಿಪಾಯಿ ನೋಡುತ್ತಿದ್ದನೆಂದು ನಾನು ತಿರುಗಲಿಲ್ಲ. ಅವಳು ಹನ್ನೆರಡು ಎಂದಳು.”

ತನಗೊಬ್ಬಳು ಚಿಕ್ಕಮ್ಮ ಇದ್ದಳೆಂದು ಮಿರಿಯಮ್ ಅವರಿಗೆ ತಿಳಿದದ್ದು ಆಗಲೇ. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಹಳೆಯದನ್ನು ಅಳಿಸಿ, ಅಜ್ಜಿ ಹೇಳಿದ್ದನ್ನೇ ಟೈಪ್ ಮಾಡಿದೆ. ಸಹಿಗೆ ಮುನ್ನ ಅವರು ಕೇಳಿದ್ದು ಒಂದೇ: ಇದನ್ನು ಯಾರು ಓದುತ್ತಾರೆ? ಹದಿನೇಳು ವರ್ಷ ಅರ್ಜಿ ಕಳಿಸಿದ ನನಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲವೆಂದೆ. ಅಜ್ಜಿ ಮತ್ತೊಮ್ಮೆ ಬಾಗಿಲಿನತ್ತ ನೋಡಿ ಸಹಿ ಹಾಕಿದರು.

ವೀಸಾ ಆರನೇ ದಿನ ಬಂತು. ನಮ್ಮ ಕೆಲಸದಲ್ಲಿ ಕಾರಣದ ಜಾಗವನ್ನು ಕೈಯೇ ತುಂಬಿಬಿಡುತ್ತದೆ, ಬಾಯಿಗೆ ಕೇಳುವ ವ್ಯವಧಾನವಿರುವುದಿಲ್ಲ. ಅಂದಿನಿಂದ ನಾನು ಮೊದಲು ಕೇಳುತ್ತೇನೆ. ಇಲಾಖೆಗೆ ಲಿಲಿಯ ಹೆಸರು ಬೇಕಿರಲಿಲ್ಲ. ಆದರೆ ಅವಳ ಹೆಸರಿರುವ ಕಾಗದ ತನ್ನ ಬಳಿ ಒಂದೂ ಉಳಿದಿಲ್ಲ ಎಂದು ಅಜ್ಜಿ ಹೇಳಿದ್ದರಿಂದ, ಅಫಿಡವಿಟ್ಟಿನಲ್ಲಿ ವಯಸ್ಸು ಸಮೇತ ಬರೆದಿದ್ದೆ: ಲಿಲಿ, ಹನ್ನೆರಡು.