ಯಾರೂ ಒಡೆಯದ ಲಕೋಟೆಗಳು

ಬೆಳಗಿನ ಐದೂವರೆ. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಗಳಿಗೆ ಹತ್ತಿಹೋಗುವ ಕಬ್ಬಿಣದ ಮೆಟ್ಟಿಲು ಇನ್ನೂ ಇಬ್ಬನಿಯಲ್ಲಿ ಒದ್ದೆಯಾಗಿದೆ. ಒಳಗೆ ಅರವತ್ತೊಂದು ವರ್ಷದ ಹೆಂಗಸೊಬ್ಬರು ನೆಲ ಒರೆಸಿ, ಬಟ್ಟೆ ಹಿಂಡಿ ಹರವಿ, ಕೈ ತೊಳೆದುಕೊಂಡು ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲುತ್ತಾರೆ. ತುಟಿ ಅಲುಗುತ್ತದೆ. ಏನು ಬೇಡಿಕೊಳ್ಳುತ್ತಾರೋ ದೇವರಿಗೇ ಗೊತ್ತು. ಆಮೇಲೆ ಮೇಜಿನ ಮೇಲೆ ಒಂದು ಬಟ್ಟೆ ಚೀಲವನ್ನು ಬೋರಲು ಹಾಕುತ್ತಾರೆ. ಬೀಳುವುದೆಲ್ಲ ಲಕೋಟೆಗಳು. ಯಾರದೋ ಮನೆಗೆ ಬಂದು ವರ್ಷವಾದರೂ ಒಂದನ್ನಾದರೂ ಯಾರೂ ಒಡೆದಿಲ್ಲ.

ಅವರು ಮೊಂಡು ಚಾಕುವಿನಿಂದ ಒಂದೊಂದನ್ನೇ ಸೀಳಿ, ಒಳಗಿನ ಕಾಗದದ ಬೆನ್ನಿಗೆ ಪೆನ್ಸಿಲಿನಲ್ಲಿ ತಾರೀಖು ಬರೆದು, ಯಾವ ಬ್ಯಾಂಕಿನದು ಯಾವ ಕಂಪನಿಯದು ಎಂದು ಬೇರೆ ಬೇರೆ ಮಾಡಿ ಜೋಡಿಸುತ್ತಾರೆ. ಇಲ್ಲಿಗೆ ಬರುವವರು ಅವರನ್ನು ಲಕೋಟೆಯಮ್ಮ ಎನ್ನುತ್ತಾರೆ. ಸಾಲದಲ್ಲಿ ಮುಳುಗಿದವರಿಗೆ ಪುಕ್ಕಟೆಯಾಗಿ ದಾರಿ ತೋರಿಸುವ ಈ ಕೇಂದ್ರದ ಹಾಜರಿ ಪುಸ್ತಕದಲ್ಲಿ ಅವರ ಹುದ್ದೆ ನೆಲ ಒರೆಸುವುದು ಎಂದಷ್ಟೇ ಇದೆ.

"ಸಾಲ ಇರೋರು ಕಾಗದ ಒಡೆಯೋದಿಲ್ಲ. ಒಳಗೆ ಹಾವಿದೆ ಅನ್ನೋ ಹಾಗೆ ಆಡ್ತಾರೆ," ಎನ್ನುತ್ತಾರೆ ಲಕೋಟೆಯಮ್ಮ. "ಬಿಸಾಕೋದೂ ಇಲ್ಲ, ಅದಕ್ಕೂ ಭಯ. ಹಾಸಿಗೆ ಕೆಳಗೆ ಇಡ್ತಾರೆ, ಬೀರು ಮೇಲೆ ಇಡ್ತಾರೆ. ಒಬ್ಬ ಮೇಷ್ಟ್ರು ಹಿಟ್ಟಿನ ಡಬ್ಬದಲ್ಲಿ ಇಟ್ಟಿದ್ರು. ಒಡೆದು ಮುಗಿಸೋ ಹೊತ್ತಿಗೆ ನನ್ನ ತಲೆಯೆಲ್ಲ ಬೆಳ್ಳಗೆ. ವಕೀಲಮ್ಮ ಬಂದು, 'ಏನ್ರೀ, ಒಂದೇ ರಾತ್ರೀಲಿ ಮುದುಕಿ ಆಗ್ಬಿಟ್ರಾ?' ಅಂದ್ರು."

ದಿನಕ್ಕೆ ಹತ್ತು ಹನ್ನೆರಡು ಮಂದಿ ಬರುತ್ತಾರೆ. ಒಡೆಯಬೇಕಾದ ಲಕೋಟೆಗಳು ಇನ್ನೂರಕ್ಕೆ ಕಡಿಮೆ ಇರುವುದಿಲ್ಲ. ಒಂಬತ್ತು ಗಂಟೆಗೆ ಕೇಂದ್ರದ ವಕೀಲಮ್ಮ ಬರುವಷ್ಟರಲ್ಲಿ ಕಾಗದಗಳು ಕಟ್ಟಾಗಿ ಕೂತಿರಬೇಕು. ದಂಡದ ಬಡ್ಡಿ ಬಿಡಿ ಎಂದು ಕೇಳಬಹುದಾದವು ಒಂದು ಕಟ್ಟು, ಕಂತು ಇಳಿಸಿ ವಾಯಿದೆ ಹೆಚ್ಚಿಸಿ ಎಂದು ಕೇಳಬಹುದಾದವು ಇನ್ನೊಂದು. ಇಷ್ಟು ಕೊಟ್ಟುಬಿಡಿ, ಉಳಿದದ್ದು ಬಿಟ್ಟೆವು ಎಂದು ಬ್ಯಾಂಕೇ ಬರೆದ ಕಾಗದವಿದ್ದರೆ ಅದು ಎಲ್ಲಕ್ಕಿಂತ ಮೇಲೆ, ತಾರೀಖಿಗೆ ಕೆಂಪು ಗೆರೆ. ಕಾನೂನಿನ ವಾಯಿದೆ ದಾಟಿ, ಸಾಲ ಕೊಟ್ಟವರು ಕೋರ್ಟಿಗೆ ಹೋಗಲಾರದಷ್ಟು ಹಳತಾದವು ಬೇರೆ. ಇದ್ಯಾವುದೂ ಒದಗದೆ ಉಳಿದವರಿಗೆ ಕೊನೆಯ ದಾರಿ ದಿವಾಳಿ ಅರ್ಜಿ. ಇದ್ದದ್ದನ್ನೆಲ್ಲ ನ್ಯಾಯಾಧೀಶರ ಮುಂದೆ ಮುಚ್ಚುಮರೆಯಿಲ್ಲದೆ ಇಟ್ಟರೆ, ತೀರಿಸಲಾಗದ್ದನ್ನು ಕಾನೂನೇ ತೊಡೆದುಹಾಕುತ್ತದೆ.

"ಎಲ್ಲಾ ಸಾಲ ಅಳಿಸಿಬಿಡ್ತೀವಿ, ಮೊದಲು ಫೀಸು ಕೊಡಿ ಅಂತಾರಲ್ಲ, ಅವರ ಹತ್ತಿರ ಹೋಗಿ ಬಂದೋರೇ ಅರ್ಧ ಜನ," ಎನ್ನುತ್ತಾರೆ. "ಅವರೂ ಲಕೋಟೆ ಒಡೆಯಲ್ಲ, ಇವರೂ ಒಡೆಯಲ್ಲ. ಬ್ಯಾಂಕು ಕಮ್ಮಿ ಮಾಡ್ತೀನಿ ಅಂದ್ರೆ ಕಾಗದದಲ್ಲಿ ಬರೆಸ್ಕೊಂಡು ಆಮೇಲೆ ದುಡ್ಡು ಕಟ್ಟಬೇಕು. ಬಾಯಿಮಾತು ನಂಬಬಾರದು. ಇಷ್ಟು ಹೇಳೋದಕ್ಕೆ ಫೀಸು ಯಾಕೆ ಬೇಕು?"

ಇಷ್ಟನ್ನು ಕಲಿಸಿದ್ದು ಯಾವ ಶಾಲೆಯೂ ಅಲ್ಲ. ಹದಿನೈದು ವರ್ಷದ ಹಿಂದೆ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅವರ ಯಜಮಾನರು ಬಸ್ಸಿನ ಕೆಳಗೆ ಮಲಗಿ ಬೋಲ್ಟು ಬಿಗಿಯುತ್ತಿದ್ದವರು ಮತ್ತೆ ಏಳಲಿಲ್ಲ. ತಿಂಗಳಾದ ಮೇಲೆ ಅವರ ಕೋಟನ್ನು ಯಾರಿಗಾದರೂ ಕೊಡೋಣವೆಂದು ಬೀರು ತೆಗೆದರೆ, ಅದರ ಹಿಂದೆ ಒಂದು ಚೀಲ. ಒಳಗೆ ಅರವತ್ತಮೂರು ಲಕೋಟೆಗಳು. ಹೆಂಡತಿಗೆ ಹೇಳದೆ ಹೊತ್ತ ಸಾಲ. ಒಂದು ಮಧ್ಯಾಹ್ನ ಕೂತು ಎಲ್ಲವನ್ನೂ ತಾರೀಖಿನ ಪ್ರಕಾರ ಒಡೆದರು. ಹನ್ನೊಂದನೆಯದರಲ್ಲಿ ಬ್ಯಾಂಕು ಬರೆದಿತ್ತು: ಮೂರರಲ್ಲಿ ಒಂದು ಪಾಲನ್ನು ತೊಂಬತ್ತು ದಿನದೊಳಗೆ ಕಟ್ಟಿದರೆ ಉಳಿದದ್ದನ್ನು ಬಿಟ್ಟುಬಿಡುತ್ತೇವೆ. ಆ ತಾರೀಖು ಕಳೆದು ಎರಡು ವರ್ಷವಾಗಿತ್ತು.

"ಆ ಎರಡು ವರ್ಷ ಅವರು ಡಬಲ್ ಡ್ಯೂಟಿ ಮಾಡಿದ್ರು," ಎಂದು ಲಕೋಟೆಯಮ್ಮ ಹೇಳುತ್ತಾರೆ. ಚಾಕು ನಿಲ್ಲುವುದಿಲ್ಲ. "ಆ ಒಂದು ಪಾಲು ನನ್ನ ಹತ್ತಿರಾನೇ ಇತ್ತು. ಚೀಟಿ ಹಾಕಿದ್ದೆ. ಕೇಳಿದ್ರೆ ಕೊಡ್ತಿದ್ದೆ. ಅವರು ಕೇಳಲಿಲ್ಲ, ನಾನು ಬೀರು ತೆಗೀಲಿಲ್ಲ. ದೇವರ ಮೇಲೆ ಕೋಪ ಮಾಡ್ಕೊಳ್ಳೋದಕ್ಕೂ ಆಗಲ್ಲ ನೋಡಿ. ಅವನು ಕಾಗದ ಕಳಿಸಿಯೇ ಇದ್ದ."

ಅದೇ ಚೀಲವನ್ನು ಹೊತ್ತುಕೊಂಡು ಅವರು ಈ ಮೆಟ್ಟಿಲು ಹತ್ತಿದರು. ಸತ್ತವರು ಬಿಟ್ಟುಹೋದ ಆಸ್ತಿಯಷ್ಟಕ್ಕೆ ಮಾತ್ರ ಸಾಲ ಕೊಟ್ಟವರ ಹಕ್ಕು, ಹೆಂಡತಿಯ ದುಡಿಮೆಯ ಮೇಲಲ್ಲ ಎಂದು ವಕೀಲಮ್ಮ ತಿಳಿಸಿ, ಕಾಗದಗಳನ್ನು ಹೀಗೆ ಜೋಡಿಸಿದ್ದು ಯಾರು ಎಂದು ಕೇಳಿದರು. ನಾನೇ ಎಂದರು. ಆಗ ಖಾಲಿ ಇದ್ದದ್ದು ನೆಲ ಒರೆಸುವ ಕೆಲಸ ಒಂದೇ. ಅದಕ್ಕೇ ಸೇರಿಕೊಂಡರು.

ಹದಿನಾಲ್ಕು ವರ್ಷದಲ್ಲಿ ಸಾವಿರದ ಮುನ್ನೂರಕ್ಕೂ ಹೆಚ್ಚು ಮನೆಗಳ ಸಾಲ ಇಲ್ಲಿ ಇಳಿದಿದೆ ಅಥವಾ ಅಳಿದಿದೆ. ಆ ಲೆಕ್ಕವನ್ನು ಹೇಳುವವರು ವಕೀಲಮ್ಮ. ಲಕೋಟೆಯಮ್ಮನನ್ನು ಕೇಳಿದರೆ ಅವರು ಹೇಳುವುದು ಒಬ್ಬನ ಕಥೆ.

ಅವನು ಲಿಫ್ಟ್ ರಿಪೇರಿಯವನು. ಎತ್ತರದ ಕಟ್ಟಡವೊಂದರಲ್ಲಿ ಬಲಗೈಯ ಮೂರು ಬೆರಳು ಗಾಲಿಗೆ ಸಿಕ್ಕಿ ಹೋದವು. ಎಂಟು ತಿಂಗಳು ಕೆಲಸವಿಲ್ಲ. ಕಾರ್ಡು, ಮೊಬೈಲಿನ ಸಾಲ, ಅದನ್ನು ತೀರಿಸಲು ಇನ್ನೊಂದು. ಐದು ಕಡೆ ಸೇರಿ ನಾಲ್ಕು ಲಕ್ಷ ಎಂಬತ್ತು ಸಾವಿರ. ವಸೂಲಿಯವರು ಮಗಳ ಶಾಲೆಯ ಗೇಟಿನಲ್ಲಿ ನಿಂತು, ನಿಮ್ಮಪ್ಪ ಎಲ್ಲಿ ಎಂದು ಕೇಳತೊಡಗಿದರು. ಮಗು ಶಾಲೆ ಬಿಟ್ಟಿತು. ದಿವಾಳಿ ಅರ್ಜಿಯೊಂದೇ ಗತಿ ಎಂದು ವಕೀಲಮ್ಮ ತೀರ್ಮಾನಿಸಿದರು. ಅರ್ಜಿ ದಾಖಲಾದ ದಿನದಿಂದ ವಸೂಲಿಯವರು ಗೇಟಿನ ಹತ್ತಿರ ಸುಳಿಯುವ ಹಾಗಿಲ್ಲ.

ಅರ್ಜಿ ಸಲ್ಲಿಸುವ ದಿನ ಹನ್ನೊಂದು ಗಂಟೆಗೆ ಕೋರ್ಟು. ಬೆಳಿಗ್ಗೆ ಆರಕ್ಕೆ ಲಕೋಟೆಯಮ್ಮ ಅವನ ಪಾಸ್ ಬುಕ್ಕನ್ನು ಕೊನೆಯ ಸಲ ನೋಡುತ್ತಿದ್ದರು. ಅವನು ಎದುರಿಗೇ ಕೂತಿದ್ದ. ಒಂಬತ್ತು ದಿನದ ಹಿಂದೆ ನಲವತ್ತು ಸಾವಿರ ತೆಗೆದಿದ್ದ.

"ಇದೇನಪ್ಪಾ?"

"ಕಂಪನಿಯವರು ಪರಿಹಾರ ಅಂತ ಕೊಟ್ಟಿದ್ದು. ಅಕ್ಕನಿಗೆ ಕೊಟ್ಟುಬಿಟ್ಟೆ. ನನಗೋಸ್ಕರ ಕತ್ತಿನ ಸರ ಅಡ ಇಟ್ಟಿದ್ಲು. ಬ್ಯಾಂಕಿನವರದ್ದು ಹೋದ್ರೆ ಹೋಗ್ಲಿ, ಅವಳದ್ದು ಮುಳುಗಬಾರದು ಅಂತ."

"ಅಯ್ಯೋ ಮಗನೇ," ಎಂದರು ಲಕೋಟೆಯಮ್ಮ.

ದಿವಾಳಿ ಅರ್ಜಿ ಹಾಕುವವನಿಗೆ ಸಾಲ ಕೊಟ್ಟವರೆಲ್ಲ ಒಂದೇ. ಅರ್ಜಿಗೆ ಮುಂಚೆ ಬೇಕಾದವರಿಗೆ ಮಾತ್ರ ಕೊಟ್ಟರೆ, ಉಳಿದವರಿಗೆ ಮೋಸ ಮಾಡಿದ ಎಂದು ಕಾನೂನು ಹೇಳುತ್ತದೆ. ಆ ದುಡ್ಡು ವಾಪಸ್ ಬರಬೇಕು; ಮುಚ್ಚಿಟ್ಟು ಸಿಕ್ಕಿಬಿದ್ದರೆ ಅರ್ಜಿಯೇ ವಜಾ.

"ಪಾಸ್ ಬುಕ್ಕಿನ ಈ ಸಾಲು ನಿಮ್ಮೊಬ್ಬರ ಕಣ್ಣಿಗೇ ಬಿದ್ದಿರೋದು," ಎಂದು ಅವನು ಮೆಲ್ಲಗೆ ಹೇಳಿದ. "ಕೈ ಖರ್ಚಿಗೆ ಅಂತ ಬರೆದುಬಿಡಿ ಅಮ್ಮಾ."

"ನ್ಯಾಯಾಧೀಶರಿಗೆ ಕಣ್ಣಿಲ್ವಾ? ಐದು ಕಂಪನಿಯ ವಕೀಲರು ಬರ್ತಾರೆ. ಮಗಳು ಮತ್ತೆ ಶಾಲೆಗೆ ಹೋಗಬೇಕೋ ಬೇಡವೋ?"

"ನಿಮಗೆ ಒಡಹುಟ್ಟಿದವರು ಯಾರೂ ಇಲ್ವಾ?"

ಲಕೋಟೆಯಮ್ಮ ವಕೀಲಮ್ಮನಿಗೆ ಫೋನ್ ಮಾಡಿ ಅರ್ಜಿಯನ್ನು ಮೂರು ದಿನ ಮುಂದಕ್ಕೆ ಹಾಕಿಸಿದರು. ಚಪ್ಪಲಿ ಮೆಟ್ಟಿಕೊಂಡು ಅವನ ಜೊತೆ ನಡೆದರು.

ಅಕ್ಕ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮಾಡುವವಳು. ಕಿಟಕಿಯಿಲ್ಲದ ಕೋಣೆ, ಹಬೆಯಲ್ಲಿ ಮನುಷ್ಯರ ಮುಖ ಸರಿಯಾಗಿ ಕಾಣುವುದಿಲ್ಲ. ತಮ್ಮನನ್ನು ನೋಡಿ ಮೊದಲು ನಕ್ಕಳು. "ಏನೋ, ಇಷ್ಟು ಹೊತ್ತಿಗೆ? ಸಾಲ ತೀರಿಸಿ ಹತ್ತು ದಿನ ಆಗಿಲ್ಲ, ಮತ್ತೆ ಕೈ ಚಾಚೋಕೆ ಬಂದ್ಯಾ?"

ಹೇಳಬೇಕಾದ್ದನ್ನು ಲಕೋಟೆಯಮ್ಮನೇ ಹೇಳಿದರು. ಅಕ್ಕ ಇಸ್ತ್ರಿಯನ್ನು ಎತ್ತಿ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು.

"ನಾನು ಬಡ್ಡಿ ಕೇಳಿದ್ನೇನೋ?"

"ಇಲ್ಲ ಅಕ್ಕಾ."

"ನಿನ್ನ ಮಗಳ ಶಾಲೆ ಗೇಟಿಗೆ ಹೋಗಿ ನಿಂತಿದ್ನಾ?"

"ಇಲ್ಲ."

"ಮತ್ತೆ ನನ್ನನ್ನ ಯಾಕೋ ಅವರ ಪಕ್ಕದಲ್ಲಿ ನಿಲ್ಲಿಸ್ತೀಯ?" ಆಮೇಲೆ ಲಕೋಟೆಯಮ್ಮನ ಕಡೆ ತಿರುಗಿದಳು. "ನೀವು ಹೇಳ್ರೀ. ವಯಸ್ಸಾದೋರು. ಇದು ಯಾವ ನ್ಯಾಯ?"

"ಕಾನೂನಿಗೆ ಅಕ್ಕ ತಂಗಿ ಗೊತ್ತಿಲ್ಲಮ್ಮಾ," ಎಂದರು ಲಕೋಟೆಯಮ್ಮ. "ನೀನು ಕೊಡ್ಲಿಲ್ಲ ಅಂದ್ರೆ ಕೋರ್ಟಿನವರೇ ನಿನ್ನ ಹತ್ತಿರ ಕೇಳ್ತಾರೆ. ಆಗ ಇವನದ್ದೂ ಹೋಗುತ್ತೆ."

ಆ ದುಡ್ಡಿನಲ್ಲಿ ಅಕ್ಕ ಸರ ಬಿಡಿಸಿಕೊಂಡಾಗಿತ್ತು. ಅದು ಕತ್ತಿಗೆ ಬಂದು ಇನ್ನೂ ಆರು ದಿನ. ಅಲ್ಲೇ, ಒಗೆದ ಹೊದಿಕೆಗಳ ರಾಶಿಯ ಮುಂದೆ, ಕೊಕ್ಕೆ ಕಳಚಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಸಂಜೆ ತಾನೇ ಹೋಗಿ ಮತ್ತೆ ಅಡವಿಟ್ಟು ನಲವತ್ತು ಸಾವಿರ ತಂದುಕೊಟ್ಟಳು. ತಮ್ಮನ ಕೈಗೆ ಕೊಡಲಿಲ್ಲ. ಕೇಂದ್ರದ ಮೇಜಿನ ಮೇಲಿಟ್ಟು ಹೋದಳು.

ಅರ್ಜಿ ದಾಖಲಾಯಿತು. ಗೇಟಿನಲ್ಲಿ ನಿಲ್ಲುತ್ತಿದ್ದವರು ಮಾಯವಾದರು. ಎಂಟು ತಿಂಗಳಿಗೆ ಆದೇಶ ಬಂತು. ಇದ್ದ ನಲವತ್ತು ಸಾವಿರವನ್ನು ಸಾಲ ಕೊಟ್ಟ ಆರೂ ಮಂದಿಗೆ ಅವರವರ ಪಾಲಿನಷ್ಟು ಹಂಚಿ, ಉಳಿದದ್ದೆಲ್ಲ ರದ್ದು. ಆರನೆಯವಳು ಅಕ್ಕ. ಅವಳ ಪಾಲಿಗೆ ಬಂದದ್ದು ಮೂರು ಸಾವಿರದ ಎಪ್ಪತ್ತಾರು.

ಕಾನೂನಿನ ಪ್ರಕಾರ ತಮ್ಮ ಅವಳಿಗೆ ಇನ್ನೇನೂ ಕೊಡಬೇಕಾಗಿಲ್ಲ. ಆದರೆ ಆದೇಶ ಬಂದಮೇಲೆ ಪ್ರೀತಿಯಿಂದ ಕೊಟ್ಟರೆ ಯಾರ ತಡೆಯೂ ಇಲ್ಲ. ಲಕೋಟೆಯಮ್ಮ ಇದನ್ನು ಅವನಿಗೆ ಎರಡು ಸಲ ಬಿಡಿಸಿ ಹೇಳಿದ್ದಾರೆ. ಅವನೀಗ ಉಳಿದ ಬೆರಳುಗಳಿಂದಲೇ ಲಿಫ್ಟಿನ ವೈರಿಂಗ್ ಮಾಡುತ್ತಾನೆ; ಪ್ರತಿ ತಿಂಗಳು ಕೈಲಾದಷ್ಟು ಹಿಡಿದುಕೊಂಡು ಅಕ್ಕನ ಮನೆಗೆ ಹೋಗುತ್ತಾನೆ. ಅವಳು ಬಾಗಿಲಿಗೆ ಬರುವುದಿಲ್ಲ. ಸರ ಇನ್ನೂ ಅಡವಿನಲ್ಲೇ ಇದೆ. ಮಗಳು ಶಾಲೆಗೆ ಹೋಗುತ್ತಿದ್ದಾಳೆ.

"ತಪ್ಪು ಅವನದ್ದಲ್ಲ," ಎನ್ನುತ್ತಾರೆ ಲಕೋಟೆಯಮ್ಮ. "ಮೊದಲನೇ ದಿನ ಬ್ಯಾಂಕು ಯಾವುದು, ಕಂಪನಿ ಯಾವುದು ಅಂತ ಎಲ್ಲ ಕೇಳಿದೆ. ಮನೆಯವರ ಹತ್ತಿರ ಏನಾದ್ರೂ ತಗೊಂಡಿದೀಯಾ, ಅದನ್ನ ಈಗ ವಾಪಸ್ ಕೊಡಬೇಡ ಅಂತ ಹೇಳಲಿಲ್ಲ. ಮರ್ಯಾದಸ್ಥ ಮೊದಲು ತೀರಿಸೋದೇ ಅದನ್ನ. ನನಗೆ ಹೊಳೀಬೇಕಿತ್ತು. ಹದಿಮೂರು ವರ್ಷ ಲಕೋಟೆ ಒಡೆದೋಳಿಗೆ ಹೊಳೀಲಿಲ್ಲ. ಒಡಹುಟ್ಟಿದವರು ಕೊಟ್ಟಿದ್ದು ಲಕೋಟೆಯಲ್ಲಿ ಬರಲ್ಲ ನೋಡಿ."

ಈಗ ಚೀಲ ಬಿಚ್ಚುವ ಮೊದಲು ಅವರು ಕೇಳುವುದೇ ಆ ಪ್ರಶ್ನೆಯನ್ನು. ಕೆಲವರು ಕೋಪ ಮಾಡಿಕೊಳ್ಳುತ್ತಾರೆ, ಕೆಲವರು ಅತ್ತುಬಿಡುತ್ತಾರೆ. ಒಬ್ಬ ಎದ್ದು ಹೋದವನು ತಿರುಗಿ ಬರಲೇ ಇಲ್ಲ. ಆ ಅಕ್ಕ ತಮ್ಮ ಒಂದು ದಿನ ಎದುರುಬದುರು ಕೂತು ಜಗಳವನ್ನಾದರೂ ಆಡಲಿ ಎಂಬುದು ಅವರ ಆಸೆ. ಬೇರೆ ಏನನ್ನೂ ಅವರು ಬಯಸಿದಂತೆ ಕಾಣುವುದಿಲ್ಲ.

ಏಳು ಗಂಟೆಯಾಗಿದೆ. ಮೆಟ್ಟಿಲ ಮೇಲೆ ಸಪ್ಪಳ. ಆಸ್ಪತ್ರೆಯ ನೀಲಿ ಮೇಲಂಗಿ ತೊಟ್ಟ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಿದ್ದಾಳೆ. ಸೋಪಿನ ವಾಸನೆ, ಕಂಕುಳಲ್ಲಿ ಉಬ್ಬಿದ ಚೀಲ. ಒಳಗೆ ಬರಲೋ ಬೇಡವೋ ಎಂಬಂತೆ ಹೊಸ್ತಿಲು ನೋಡುತ್ತಾಳೆ.

"ಬಾಮ್ಮಾ. ಇಲ್ಲಿಗೆ ಹೋಗು ಅಂತ ಯಾರು ಹೇಳಿದ್ರು?"

"ನಮ್ಮಲ್ಲಿ ಇಸ್ತ್ರಿ ಮಾಡ್ತಾಳಲ್ಲ, ಅವಳು." ಹೆಂಗಸು ಸಂಕೋಚದಿಂದ ತಡವರಿಸುತ್ತಾಳೆ. "'ಆಯಮ್ಮನ ಮುಖ ನೋಡೋಕೆ ನನಗಿಷ್ಟ ಇಲ್ಲ. ಆದ್ರೆ ನೀನು ಹೋಗು. ನಿನ್ನ ಮುಂದೆ ಒಂದು, ಹಿಂದೆ ಒಂದು ಹೇಳೋ ಪೈಕಿ ಅಲ್ಲ' ಅಂದ್ಲು."

ಲಕೋಟೆಯಮ್ಮ ಎದ್ದು, ಕುರ್ಚಿಯನ್ನು ಸೆರಗಿನಿಂದ ಒರೆಸಿ, ಮೇಜಿನ ಹತ್ತಿರಕ್ಕೆ ಎಳೆಯುತ್ತಾರೆ.

"ಹಾಗಂದ್ಲಾ," ಎನ್ನುತ್ತಾರೆ. "ಕೂತ್ಕೋ."