ಎರಡನೇ ಬ್ಯಾಟರಿಯ ದೀಪ

ದೆವ್ವ, ಭೂತ, ಗಾಳಿ ಸೋಕುವುದು ಎಂಬ ಮಾತು ಯಾರಾದರೂ ತೆಗೆದರೆ ನಾನು ಅಲ್ಲಿಂದ ಎದ್ದು ಹೋಗುತ್ತಿದ್ದೆ. ಓದಿ ಬರೆದವರೇ ಚಹಾ ಕುಡಿಯುತ್ತ ಕೂತು ಬಾವಿಕಟ್ಟೆಯ ಹೆಂಗಸು, ಹುಣಸೆಮರದ ಮುದುಕ ಎಂದು ಹೇಳತೊಡಗಿದರೆ ನನಗೆ ಮೈ ಉರಿಯುತ್ತಿತ್ತು. ನಾನು ಮೋಟಾರು ಗಾಡಿಗಳ ವೈರಿಂಗ್ ಮಾಡಿ ಹೊಟ್ಟೆ ಹೊರೆದವನು. ಕರೆಂಟು ಹರಿಯಬೇಕಾದರೆ ಬ್ಯಾಟರಿ ಬೇಕು, ವೈರು ಬೇಕು, ಎರಡೂ ಕೂಡಿರಬೇಕು. ಇಷ್ಟು ಗೊತ್ತಿದ್ದವನಿಗೆ ದೆವ್ವದ ಗೊಡವೆ ಏಕೆ ಎನ್ನುವುದು ನನ್ನ ವಾದವಾಗಿತ್ತು. ಆ ವಾದವನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಆದರೆ ಒಂದು ರಾತ್ರಿ ನನ್ನ ಕಣ್ಣೆದುರಿಗೇ ಅದಕ್ಕೆ ಒಗ್ಗದ ಒಂದು ಸಂಗತಿ ನಡೆಯಿತು. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ, ಅಷ್ಟೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬೆಳಗಾವಿಯ ಟಿಳಕವಾಡಿಯಲ್ಲಿ, ರೈಲ್ವೆ ಗೇಟಿನ ಹತ್ತಿರ ನನ್ನದೊಂದು ಸಣ್ಣ ಅಂಗಡಿ. ಖಾನಾಪುರದ ಕಡೆ ಹೆಂಚಿನ ಭಟ್ಟಿ ಇಟ್ಟಿದ್ದ ಒಬ್ಬ ಸಾವಕಾರರು ನನ್ನ ಹಳೆಯ ಗಿರಾಕಿ. ಅವರ ಬಳಿ ಒಂದು ಜೀಪಿತ್ತು. ನಾಲ್ಕೂ ಗಾಲಿಗೆ ಎಳೆತವಿದ್ದ ಗಟ್ಟಿ ಗಾಡಿ, ಮೊಣಕಾಲುದ್ದ ಕೆಸರಿನಲ್ಲೂ ಗುರುಗುಟ್ಟುತ್ತ ದಾಟುತ್ತಿತ್ತು. ಭತ್ತ ತೆನೆಗಟ್ಟುವ ದಿನಗಳಲ್ಲಿ ಅವರು ಅದನ್ನು ನನ್ನ ಅಂಗಡಿಯ ಮುಂದೆ ತಂದು ನಿಲ್ಲಿಸಿದರು.

"ಮಿಸ್ತ್ರಿ, ಒಂದು ಸರ್ಚ್‌ಲೈಟ್ ಕೂಡ್ಸಬೇಕ್ರಿ. ಎಂಜಿನ್ ಬಂದ್ ಇದ್ರೂ ತಾಸಗಟ್ಟಲೆ ಉರೀಬೇಕು. ಆದ್ರ ಆಮ್ಯಾಲೆ ಗಾಡಿ ನೂಕೂ ಪಾಳಿ ಬರಬಾರ್ದು ನೋಡ್ರಿ," ಎಂದರು.

ಯಾತಕ್ಕೆಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಬೇಟೆಗೆ ಕಾನೂನು ಅಡ್ಡ ಬಂದು ಕೆಲವು ವರ್ಷಗಳಾಗಿದ್ದರೂ ಖಾನಾಪುರದ ಅಡವಿಯಂಚಿನಲ್ಲಿ ಯಾರ ಜೀಪು ಯಾಕೆ ಓಡಾಡುತ್ತದೆ ಎನ್ನುವುದು ಊರಿಗೆಲ್ಲ ಗೊತ್ತಿತ್ತು. ನಾನು ಹುಟ್ಟಿದ ಮನೆಯಲ್ಲಿ ಮಾಂಸದ ಹೆಸರನ್ನೂ ಎತ್ತುತ್ತಿರಲಿಲ್ಲ. ಹಾಗಿದ್ದೂ ನಾನು ಒಪ್ಪಿಕೊಂಡೆ. ಹಂದಿಗಳು ರೈತರ ಪೈರು ಹಾಳು ಮಾಡುತ್ತವೆ, ನಾಲ್ಕು ಸತ್ತರೆ ಅವರಿಗೇ ಒಳ್ಳೆಯದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಆ ಕೆಲಸದ ಆಸೆ ಹತ್ತಿತ್ತು. ಎರಡು ಬ್ಯಾಟರಿಯ ಗಾಡಿಯನ್ನು ಅಲ್ಲಿಯವರೆಗೆ ನಾನು ಕೈಯಾರೆ ಮಾಡಿರಲಿಲ್ಲ.

ಮೂರು ದಿನ ಹಿಡಿಯಿತು. ಹಿಂದಿನ ಸೀಟಿನ ಕೆಳಗೆ ಕಬ್ಬಿಣದ ಚೌಕಟ್ಟಿಗೆ ಬೆಸುಗೆ ಹಾಕಿಸಿ, ಅಲ್ಲಿ ಎರಡನೇ ಬ್ಯಾಟರಿ ಕೂರಿಸಿದೆ. ಎರಡೂ ಬ್ಯಾಟರಿಗಳ ನಡುವೆ ಹಿಡಿಕೆಯಿರುವ ಒಂದು ದಪ್ಪ ಸ್ವಿಚ್ಚು. ಗಾಡಿ ಓಡುವಾಗ ಹಿಡಿಕೆ ಒತ್ತಿದರೆ ಎರಡೂ ಚಾರ್ಜ್ ಆಗುತ್ತವೆ. ನಿಲ್ಲಿಸಿದಾಗ ಹಿಡಿಕೆ ಎತ್ತಿದರೆ ದೀಪಕ್ಕೆ ಹಿಂದಿನದಷ್ಟೇ, ಎಂಜಿನ್ನಿಗೆ ಮುಂದಿನದಷ್ಟೇ. ದೀಪವನ್ನು ಮುಂದಿನ ಗಾಜಿನ ಚೌಕಟ್ಟಿನ ಮೇಲೆ ಕೂರಿಸಿ, ಅದನ್ನು ಹಚ್ಚಿ ಆರಿಸಲು ಮುಂದೆಯೇ ಒಂದು ಒತ್ತುವ ಸ್ವಿಚ್ಚು ಇಟ್ಟೆ. ಬೇಕಾದ ಕಡೆಗೆ ತಿರುಗಿಸಿ ಬಿಟ್ಟರೆ ಅಲ್ಲೇ ನಿಲ್ಲುತ್ತಿತ್ತು. ಪ್ರತಿಯೊಂದು ಜೋಡಣೆಯನ್ನೂ ನಾನೇ ಬಿಗಿದೆ, ಎರಡೆರಡು ಸಲ ನೋಡಿದೆ. ಇದನ್ನೆಲ್ಲ ಯಾಕೆ ಹೇಳುತ್ತೇನೆಂದರೆ, ಆ ಗಾಡಿಯಲ್ಲಿ ನನಗೆ ಗೊತ್ತಿಲ್ಲದ ಒಂದು ಗೇಣು ವೈರೂ ಇರಲಿಲ್ಲ.

ಮೊದಲ ದಿನ ನೀವೂ ಬರ್ರಿ, ಏನರ ಕೆಟ್ರ ಯಾರು ನೋಡಬೇಕು ಎಂದು ಸಾವಕಾರರು ನನ್ನನ್ನು ಹತ್ತಿಸಿಕೊಂಡರು. ಸಂಜೆ ಮಚ್ಛೆ ದಾಟಿ ಖಾನಾಪುರಕ್ಕೆ ಹೋದೆವು. ಅಲ್ಲಿ ಅವರ ಗೆಳೆಯ ವಕೀಲರೊಬ್ಬರು ಸೇರಿಕೊಂಡರು. ಆ ಮನುಷ್ಯನನ್ನು ನೆನೆದರೆ ಈಗಲೂ ನನಗೆ ಓಕರಿಕೆ ಬರುತ್ತದೆ. ಹಿಂದಿನ ಸೀಟಿನಲ್ಲಿ ನನ್ನ ಪಕ್ಕದಲ್ಲೇ ಕೂತು ಪೇಪರಿನಲ್ಲಿ ಸುತ್ತಿದ ಕೋಳಿ ಬಿಚ್ಚಿದರು. ಎಲುಬು ಚೀಪಿ ನಾನು ಬೆಳಿಗ್ಗೆಯಷ್ಟೇ ಒರೆಸಿದ್ದ ಬ್ಯಾಟರಿಯ ಮೇಲೆ ಇಟ್ಟರು, ಜಿಡ್ಡುಗೈಯನ್ನು ಸೀಟಿಗೇ ಒರೆಸಿದರು. ಇಬ್ಬರೂ ಕುಡಿದಿದ್ದ ಸೆರೆಯ ವಾಸನೆ, ಎಣ್ಣೆಯ ವಾಸನೆ, ಅದರ ಜೊತೆಗೆ ಆಸಿಡ್ಡಿನ ಘಾಟು. ನಾನು ಧೋತರದ ಚುಂಗು ಮೂಗಿಗೆ ಹಿಡಿದು ಕೂತಿದ್ದನ್ನು ನೋಡಿ ಇಬ್ಬರೂ ನಕ್ಕರು. "ಸ್ವಾಮಿಗೋಳಿಗೆ ಆಗಿಬರಾಂಗಿಲ್ಲ," ಎಂದರು ವಕೀಲರು. ಇಳಿದು ನಡೆದುಕೊಂಡೇ ಬಂದುಬಿಡಬೇಕಿತ್ತು. ಬರಲಿಲ್ಲ. ನನ್ನ ಎರಡನೇ ಬ್ಯಾಟರಿ ಹೇಗೆ ಕೆಲಸ ಮಾಡುತ್ತದೋ ನೋಡಬೇಕಿತ್ತು ನನಗೆ.

ಎಂಟು ಗಂಟೆಯ ಹೊತ್ತಿಗೆ ಅಡವಿಗೆ ಹತ್ತಿದ ಭತ್ತದ ಗದ್ದೆಗಳ ಅಂಚಿನಲ್ಲಿ ಗಾಡಿ ನಿಂತಿತು. ಎಂಜಿನ್ ಬಂದ್ ಮಾಡಿದರು. ನಾನು ಹಿಡಿಕೆ ಎತ್ತಿ ದೀಪ ಹಚ್ಚಿದೆ. ಹಾಲು ಚೆಲ್ಲಿದಂತೆ ಬೆಳಕು ಗದ್ದೆಯ ಮೇಲೆ ಹರಿಯಿತು. ನನಗೆ ಹೆಮ್ಮೆಯಾಯಿತು. ವಕೀಲರು ಮುಂದೆ ಹೋಗಿ ದೀಪವನ್ನು ನಿಧಾನವಾಗಿ ತಿರುಗಿಸುತ್ತಿದ್ದರು, ಸಾವಕಾರರು ಬಂದೂಕು ಹಿಡಿದು ನಿಂತಿದ್ದರು. ಅರವತ್ತು ಎಪ್ಪತ್ತು ಹೆಜ್ಜೆ ದೂರದಲ್ಲಿ ಬದುವಿನ ಮೇಲೆ ಒಂದು ಕಪ್ಪು ಗುಡ್ಡೆ ಕಂಡಿತು. ಒಂದಿಷ್ಟು ಅಲುಗಿತು. "ಒಂಟಿಗ ಹಂದಿ ಐತಿ," ಎಂದು ವಕೀಲರು ಪಿಸುಗುಟ್ಟಿದರು. ಗುಂಡು ಹಾರಿತು.

ಕಿವಿ ಗುಂಯ್‌ಗುಡುತ್ತಿರುವಾಗಲೇ ಆ ಕಡೆಯಿಂದ "ಆಯೀ ಗ!" ಎಂಬ ಕೂಗು ಬಂತು. ಹಂದಿ ತಾಯಿಯನ್ನು ಕರೆಯುವುದಿಲ್ಲ. ಮೂವರಿಗೂ ಅದು ಕೇಳಿಸಿತು.

"ಹಂದೀನ ಹಂಗ ಒದರತಾವು," ಎಂದರು ವಕೀಲರು. ಆಮೇಲೆ ಗಡಿಬಿಡಿಯಿಂದ, "ಲೈಟ್ ಆರಸ್ರಿ. ಯಾರರ ನೋಡ್ಯಾರು. ನಡೀರಿ ಹೋಗೂಣು," ಎಂದರು.

ಅಲ್ಲಿ ಒಬ್ಬ ಮನುಷ್ಯ ಬಿದ್ದಿದ್ದಾನೆ. ಇವರು ಅವನನ್ನು ಹಾಗೇ ಬಿಟ್ಟು ಹೋಗುವವರಿದ್ದಾರೆ. ಇದು ನನಗೆ ಅರ್ಥವಾಗಿತ್ತು. ಆದರೂ ನನ್ನ ಕೈ ತಾನಾಗಿ ದೀಪದ ಸ್ವಿಚ್ಚಿಗೆ ಹೋಯಿತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಸ್ವಿಚ್ಚು ಒತ್ತಿದೆ. ದೀಪ ಆರಲಿಲ್ಲ. ಮತ್ತೆ ಮತ್ತೆ ಒತ್ತಿದೆ. ಆರಲಿಲ್ಲ. ಸ್ವಿಚ್ಚಿನ ಒಳಗೆ ತಾಮ್ರ ಅಂಟಿಕೊಂಡಿರಬೇಕು, ಹೊಸದರಲ್ಲಿ ಹಾಗಾಗುವುದುಂಟು ಎಂದುಕೊಂಡು ಹಿಂದೆ ಹೋಗಿ, ಪಾನಾದಿಂದ ನಟ್ಟು ತಿರುಗಿಸಿ ಕೇಬಲ್ ಸಡಿಲಿಸಿ ಎರಡನೇ ಬ್ಯಾಟರಿಯಿಂದ ಕಿತ್ತೆ. ಎರಡು ಬ್ಯಾಟರಿ ಕೂಡಿಸುವ ಹಿಡಿಕೆ ಮೇಲೆಯೇ ಇತ್ತು. ಎಂಜಿನ್ ಬಂದ್ ಇತ್ತು. ಕೇಬಲ್ಲಿನ ತುದಿ ನನ್ನ ಎಡಗೈಯಲ್ಲಿತ್ತು, ತಣ್ಣಗಿತ್ತು. ತಲೆ ಎತ್ತಿ ನೋಡಿದರೆ ದೀಪ ಉರಿಯುತ್ತಿತ್ತು.

ಮಂಕಾಗಿ ಅಲ್ಲ, ಮೊದಲಿನಷ್ಟೇ ಬೆಳ್ಳಗೆ. ಬೆಳಕು ನೇರವಾಗಿ ಬದುವಿನ ಮೇಲಿತ್ತು. ಕಪ್ಪು ಗುಡ್ಡೆ ಕಂಬಳಿಯೆಂಬುದು ಆಗ ಸ್ಪಷ್ಟವಾಗಿ ಕಾಣಿಸಿತು. ಅದರ ಕೆಳಗಿನಿಂದ ಒಂದು ಕೈ ಹೊರಗೆ ಬಂದು ಹುಲ್ಲನ್ನು ಹಿಡಿಯುತ್ತಿತ್ತು, ಬಿಡುತ್ತಿತ್ತು.

"ಆರಸಂದ್ರ ಯಾಕ ಆರಸವಲ್ಲಿ ಲೇ!" ಎಂದು ಸಾವಕಾರರು ಚೀರಿದರು. ವಕೀಲರು ದೀಪವನ್ನು ಬೇರೆ ಕಡೆ ತಿರುಗಿಸಲು ಕೈ ಹಾಕಿ, ಸುಟ್ಟವರಂತೆ ಹಿಂದಕ್ಕೆಳೆದುಕೊಂಡರು. ನಾನು ಕೇಬಲ್ ಕೆಳಗೆ ಹಾಕಿ ಓಡಿದೆ. ಧೈರ್ಯದಿಂದ ಓಡಿದೆ ಎಂದು ದಯವಿಟ್ಟು ತಿಳಿಯಬೇಡಿ. ಆ ಗಾಡಿಯ ಹತ್ತಿರ ಇನ್ನೊಂದು ಕ್ಷಣ ನಿಲ್ಲುವುದು ನನ್ನಿಂದಾಗಲಿಲ್ಲ. ಬೆಳಕಿನಲ್ಲಿ ಗದ್ದೆ ದಾಟಿ, ಅವನ ಹೆಗಲಿಗೆ ಕೈ ಹಾಕಿ ಎತ್ತಿದ ಕೂಡಲೇ ದೀಪ ಆರಿತು. ಕಗ್ಗತ್ತಲಾಯಿತು. ನನ್ನ ಅಂಗೈ ತುಂಬ ಬೆಚ್ಚಗಿನ ರಕ್ತ.

ನನ್ನ ಕೂಗಿಗೆ ಸಾವಕಾರರು ಕೈಯಲ್ಲಿ ಟಾರ್ಚು ಹಿಡಿದುಕೊಂಡು ಬಂದರು. ಛರ್ರೆಗಳು, ಅಂದರೆ ತೋಟೆಯ ಸೀಸದ ಕಾಳುಗಳು, ತೊಡೆಗೂ ಸೊಂಟಕ್ಕೂ ಹೊಕ್ಕಿದ್ದವು. ಇಬ್ಬರೂ ಸೇರಿ ಅವನನ್ನು ತಂದು ಹಿಂದಿನ ಸೀಟಿನ ಮೇಲೆ ಮಲಗಿಸಿದೆವು. ಗಾಡಿ ಒಂದೇ ಸಲಕ್ಕೆ ಚಾಲೂ ಆಯಿತು. ಮುಂದಿನ ಬ್ಯಾಟರಿ ಮುಟ್ಟಿದವರೇ ಇರಲಿಲ್ಲವಲ್ಲ. ದಾರಿಯಲ್ಲಿ ವಕೀಲರು ನನ್ನ ಕಡೆ ತಿರುಗಿದರು. ಸಂಜೆಯ "ಸ್ವಾಮಿಗೋಳು" ಹೋಗಿ ಏಕವಚನ ಬಂದಿತ್ತು. "ಬಂದೂಕ ಇವರದು, ಲೈಟ್ ನಿಂದು. ಬಾಯಿ ಬಿಟ್ರ ಮೂರೂ ಮಂದಿ ಹಿಂಡಲಗಾದಾಗ ಮುದ್ದಿ ಮುರಿಯೂಣು. ತಿಳೀತಿಲ್ಲೋ?" ಹಿಂಡಲಗಾ ಎಂದರೆ ನಮ್ಮ ಕಡೆ ಜೈಲು. ನನಗೆ ತಿಳಿಯಿತು.

ಬೆಳಗಾವಿಯಲ್ಲಿ ವಕೀಲರ ಪರಿಚಯದ ಖಾಸಗಿ ಡಾಕ್ಟರರೊಬ್ಬರ ಬಳಿ ಹೋದೆವು. "ಇವಂದ ನಾಡಬಂದೂಕ ಸಿಡದೈತ್ರಿ ಡಾಕ್ಟರ್. ಹೊಲದಾಗ ಬಿದ್ದಿದ್ದ, ನಾವು ಹಾದಿ ಹಿಡದು ಹೊಂಟಾವ್ರು ಎತ್ತಿಕೊಂಡು ಬಂದ್ವಿ," ಎಂದರು ವಕೀಲರು, ಕಣ್ಣು ಮಿಟುಕಿಸದೆ. ಡಾಕ್ಟರರಿಗೆ ಅನುಮಾನ ಬಂದಿರಬೇಕು. ಮೂವರಲ್ಲಿ ಕುಡಿಯದೆ ಇದ್ದವನು ನಾನೊಬ್ಬನೇ. ನನ್ನ ಮುಖ ನೋಡಿ, "ಹೌದೇನ್ರಿ?" ಎಂದು ಕೇಳಿದರು. "ಹೌದ್ರಿ," ಎಂದೆ. ಪೊಲೀಸರಿಗೆ ಕಳಿಸುವ ಕಾಗದದಲ್ಲಿ ಅವರು ಹಾಗೇ ಬರೆದುಕೊಂಡರು.

ಬಿದ್ದವನ ಕಣ್ಣು ಮುಚ್ಚಿತ್ತು. ಕಿವಿ ತೆರೆದಿತ್ತು ಎನ್ನುವುದು ಆಗ ನನಗೆ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಜೀಪು ನನ್ನ ಅಂಗಡಿಗೆ ಬಂತು. ದೀಪ, ಬ್ಯಾಟರಿ ಎಲ್ಲ ತೆಗೆದುಹಾಕಬೇಕು ಎಂದು ಸಾವಕಾರರು ಹೇಳಿ ಕಳಿಸಿದ್ದರು. ಸೀಟಿನ ಮೇಲೆ ಒಣಗಿದ ರಕ್ತಕ್ಕೆ ನೊಣ ಮುತ್ತಿದ್ದವು, ಕೆಳಗೆ ಬ್ಯಾಟರಿಯ ಮೇಲೆ ಕೋಳಿಯ ಎಲುಬು. ಎರಡು ಬಕೆಟ್ ನೀರು ಹಾಕಿ ಸೀಟು ತೊಳೆದೆ. ಆಮೇಲೆ ತೆಗೆಯುವ ಮೊದಲು ಪ್ರತಿಯೊಂದು ವೈರನ್ನೂ ಬೆರಳಿನಿಂದ ಹಿಡಿದು ನೋಡುತ್ತ ಹೋದೆ. ನಾನು ಕೆಳಗೆ ಹಾಕಿದ್ದ ಕೇಬಲ್ ಹಾಗೇ ಬಿದ್ದಿತ್ತು. ಸ್ವಿಚ್ಚು ಸರಿಯಾಗಿಯೇ ಇತ್ತು. ಕೇಬಲ್ ಕೂಡಿಸಿ ಒತ್ತಿದರೆ ಹತ್ತುತ್ತಿತ್ತು, ಮತ್ತೆ ಒತ್ತಿದರೆ ಆರುತ್ತಿತ್ತು. ಕೇಬಲ್ ಕಿತ್ತರೆ ಸತ್ತಂತೆ ಇರುತ್ತಿತ್ತು. ಕಾಲೇಜಿನಲ್ಲಿ ವಿಜ್ಞಾನ ಹೇಳುತ್ತಿದ್ದ ಗೆಳೆಯನೊಬ್ಬ ಬಲ್ಬು ಆರಿದ ಮೇಲೂ ಕಣ್ಣಿನಲ್ಲಿ ಬೆಳಕು ಉಳಿಯುತ್ತದೆ ಎಂದ. ಎಷ್ಟು ಹೊತ್ತು ಉಳಿಯುತ್ತದೆ ಎಂದು ಕೇಳಿದರೆ ಕೆಲವೇ ಕ್ಷಣ ಎಂದ. ಸಾವಕಾರರನ್ನು ಒಮ್ಮೆ ಕೇಳಿದೆ. "ಆ ಮಾತ ತಗೀಬ್ಯಾಡ್ರಿ ಮಿಸ್ತ್ರಿ," ಎಂದು ಅವರು ಮುಖ ತಿರುಗಿಸಿದರು.

ಒಂದೆರಡು ತಿಂಗಳಾದ ಮೇಲೆ ಖಾನಾಪುರದ ಆಚೆ ಅವನ ಮನೆ ಹುಡುಕಿಕೊಂಡು ಹೋದೆ. ಹೆಸರು ಯಲ್ಲಪ್ಪ. ಬದುಕಿದ್ದ, ಆದರೆ ಒಂದು ಕಾಲು ಸೊಂಟದಿಂದ ಕೆಳಗೆ ಸೆಟೆದು ನಿಂತಿತ್ತು. ಬಾಗಿಲಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಗುರುತು ಹಿಡಿದು, "ಬರ್ರಿ, ಕುಂದರ್ರಿ," ಎಂದ. ಅವನ ಹೆಂಡತಿ ಚಹಾ ತಂದು ಇಟ್ಟು ಒಳಗೆ ಹೋದಳು.

ಗುಂಡು ಹಾರುವ ಮೊದಲೇ, ದೀಪ ಕಂಡ ಕೂಡಲೇ ಯಾಕೆ ಕೂಗಲಿಲ್ಲ ಎಂದು ಕೇಳಿದೆ.

"ಹಂದಿ ಕಾಯಾಕ ಕುಂತಾವ್ರು ಜೀಪಿನ ಲೈಟ್ ಬಂತಂದ್ರ ಕಂಬಳಿ ಮುಸುಕ ಹಾಕ್ಕೋತೀವ್ರಿ," ಎಂದ ಯಲ್ಲಪ್ಪ. "ಶಿಕಾರಿ ಮಂದಿ ಕಣ್ಣಿನ ಹೊಳಪ ನೋಡಿ ಗುಂಡ ಹಾಕ್ತಾರಲ್ರಿ. ನಮ್ಮ ಕಣ್ಣೂ ಹೊಳದ್ರ ಹೆಂಗ? ಹಿರ್‍ಯಾರ ಕಾಲದಿಂದ ಹಂಗ ಮಾಡಕೋತ ಬಂದೇವಿ. ಮಾರಿ ಮುಚ್ಚಿಕೊಂಡ್ರ ಬಚಾವ್ ಅಂತ."

ಹಾಗೆ ಮುಚ್ಚಿಕೊಂಡದ್ದರಿಂದಲೇ ಅವನು ಹಂದಿಯಂತೆ ಕಂಡದ್ದು. ಅದನ್ನು ಹೇಳದೆ, ಗುಂಡು ಬಿದ್ದ ಮೇಲೆ ದೀಪ ಎಷ್ಟು ಹೊತ್ತು ಉರಿಯಿತು ಎಂದು ಕೇಳಿದೆ. ನಿಜಕ್ಕೂ ನಾನು ಹೋದದ್ದೇ ಅದನ್ನು ಕೇಳಲು.

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಲೈಟ್ ಎಲ್ಲಿತ್ರೀ? ಗುಂಡ ಬಿದ್ದ ಕೂಡ್ಲೇ ಕಂಬಳಿ ಸರಸಿ ನೋಡೀನಿ, ಎಲ್ಲಾ ಕತ್ತಲಿ. ನಿಮ್ಮ ಗಾಡೀನೂ ಕಾಣತಿದ್ದಿಲ್ಲ. ಆ ಕತ್ತಲಾಗ ನೀವು ಒಬ್ಬರ ಸೀದಾ ನಾ ಇದ್ದಲ್ಲಿಗೇ ಬಂದ್ರಿ. ಹೆಂಗ ಬಂದ್ರಿ ಅಂತ ನಾನ ನಿಮ್ಮನ್ನ ಕೇಳಾಂವ ಇದ್ದೆ."

ನಾವು ಮೂವರೂ ನೋಡಿದ್ದೆವು. ಆರಿಸು ಎಂದು ಸಾವಕಾರರು ಚೀರಿದ್ದು ನನ್ನ ಕಿವಿಯಲ್ಲಿ ಇನ್ನೂ ಇತ್ತು. ಯಲ್ಲಪ್ಪ ಹಗ್ಗ ಕೆಳಗಿಟ್ಟ.

"ಇನ್ನೊಂದು ಕೇಳೂದೈತ್ರಿ. ನನ್ನ ಹಂತ್ಯಾಕ ಎಂದೂ ಬಂದೂಕ ಇದ್ದಿಲ್ಲ. ದವಾಖಾನ್ಯಾಗ ನೀವು ಹೌದು ಅಂದ್ರಿ. ಪೊಲೀಸ್ರು ಎರಡ ಸಲ ಬಂದು ಮನಿ ಎಲ್ಲಾ ಹುಡುಕ್ಯಾರ, ಬಂದೂಕ ಎಲ್ಲಿ ಬಚ್ಚಿಟ್ಟಿ ಅಂತ ಹೊಡದಾರ. ನನ್ನ ಎತ್ತಿಕೊಂಡು ಬಂದಾವ್ರು ನೀವು. ಹಂಗ್ಯಾಕ ಅಂದ್ರಿ?"

ಚಹಾ ಹಾಗೇ ಇಟ್ಟು ಎದ್ದು ಬಂದೆ. ಬಸ್ ಸ್ಟ್ಯಾಂಡಿನವರೆಗೂ ಹಿಂದೆ ತಿರುಗಿ ನೋಡಲಿಲ್ಲ. ಮತ್ತೆ ಆ ಕಡೆಗೆ ಹೋಗಲೂ ಇಲ್ಲ.

ಆ ದೀಪ ಯಾವ ಕರೆಂಟಿನಿಂದ ಉರಿಯಿತು, ಉರಿದದ್ದು ಯಲ್ಲಪ್ಪನಿಗೆ ಯಾಕೆ ಕಾಣಲಿಲ್ಲ ಎನ್ನುವುದು ನನಗೆ ಇಂದಿಗೂ ಬಗೆಹರಿದಿಲ್ಲ. ನಿಮ್ಮಲ್ಲಿ ಯಾರಿಗಾದರೂ ಬಗೆಹರಿದರೆ ಸಂತೋಷ. ಈ ಸಂಗತಿಯನ್ನು ನಾನು ಇಷ್ಟು ವರ್ಷಗಳಲ್ಲಿ ಎಷ್ಟೋ ಜನರಿಗೆ ಹೇಳಿದ್ದೇನೆ. ಪ್ರತಿ ಸಲವೂ ಕೇಬಲ್ ನನ್ನ ಕೈಯಲ್ಲಿತ್ತು, ದೀಪ ಉರಿಯುತ್ತಿತ್ತು ಎಂಬಲ್ಲಿಗೆ ನಿಲ್ಲಿಸುತ್ತಿದ್ದೆ, ಕೇಳಿದವರು ಬೆರಗಾಗಿ ಕೂರುತ್ತಿದ್ದರು. ದವಾಖಾನೆಯಲ್ಲಿ ನಾನು ಹೌದು ಎಂದದ್ದನ್ನು ಯಾರಿಗೂ ಹೇಳಿರಲಿಲ್ಲ.